ಮೀಸೆರಾಯನ ಬೇಸಿಗೆ

ಒಬ್ಬ ಮನುಷ್ಯನ ಮುಖವನ್ನು ಜನ ಸರಿಯಾಗಿ ನೋಡಬೇಕಾದರೆ ಒಂದೋ ಅವನು ಮದುವೆ ಗಂಡಾಗಿರಬೇಕು, ಇಲ್ಲವೇ ಹೆಣವಾಗಿರಬೇಕು. ನಡುವಿನ ಕಾಲದಲ್ಲಿ ಯಾರಿಗೂ ಪುರುಸೊತ್ತಿಲ್ಲ.

ನಮ್ಮ ಕಡಲಬದಿಯ ಬೀದಿಯ ಕೊನೆಯ ಮನೆಯ ಲಿಫ್ಟ್ ಸಾಹೇಬರ ವಿಷಯದಲ್ಲಂತೂ ಈ ಮಾತು ಅಪ್ಪಟ ನಿಜ. ಅವರು ಕೆಲಸದಲ್ಲಿದ್ದಷ್ಟು ಕಾಲ ಲಿಫ್ಟುಗಳ ತಪಾಸಣೆ ಮಾಡಿದವರು. ಜೀವಮಾನವೆಲ್ಲ ಮೇಲೆ ಹೋಗಿ ಕೆಳಗೆ ಬಂದವರು. ಲಿಫ್ಟಿನೊಳಗೆ ಜನ ಏನು ನೋಡುತ್ತಾರೆ ಹೇಳಿ? ಬಾಗಿಲು ನೋಡುತ್ತಾರೆ, ಉರಿಯುವ ಅಂಕೆ ನೋಡುತ್ತಾರೆ, ತಮ್ಮ ಚಪ್ಪಲಿ ನೋಡುತ್ತಾರೆ. ಪಕ್ಕದಲ್ಲಿ ನಿಂತವನ ಮುಖವನ್ನು ಮಾತ್ರ ಅಪ್ಪಿತಪ್ಪಿಯೂ ನೋಡುವುದಿಲ್ಲ. ಹೀಗಾಗಿ ಯಾರ ಕಣ್ಣಿಗೂ ಬೀಳದೆ ಇರುವ ವಿದ್ಯೆ ಸಾಹೇಬರಿಗೆ ತಾನಾಗಿ ಒಲಿದಿತ್ತು. ನಿವೃತ್ತಿಯಾದ ಮೇಲೂ ಅದು ಅವರನ್ನು ಬಿಡಲಿಲ್ಲ. ತಲೆಯ ಮೇಲೆ ಸದಾ ಒಂದು ಟೋಪಿ, ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ, ಅದರ ಕೆಳಗೆ ಬಾಚಿ ಮೇಲಕ್ಕೆ ತಿರುವಿದ ಪೊದೆ ಮೀಸೆ. ಬೀದಿಯವರು ಟೋಪಿಗೆ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು.

ಅವರಿಗಿದ್ದದ್ದು ಒಂದೇ ಚಟ, ಈಜು. ದಿನಾ ಸಂಜೆ ಕಪ್ಪುಬಂಡೆಗಳ ಮರೆಯಲ್ಲಿ ಬಟ್ಟೆ, ಟೋಪಿ, ಕನ್ನಡಕ ಬಿಚ್ಚಿಟ್ಟು ನೀರಿಗಿಳಿಯುವರು. ಹೆಂಡತಿ ಇದ್ದಾಗ ಆಕೆ ದಡದ ಮೋಟುಗೋಡೆಯ ಮೇಲೆ ಟವೆಲ್ ಹಿಡಿದು ಕೂತಿರುತ್ತಿದ್ದರು. ಸ್ವಲ್ಪ ಹೊತ್ತಾಗುವುದೇ ತಡ, ಶುರು: "ಸಾಕು, ಮೇಲೆ ಬನ್ನಿ! ನೆಗಡಿ ಆಗತ್ತೆ!"

"ಇವಳ ಕಾಟದಲ್ಲಿ ಒಂದು ದಿನ ಮನಸಾರೆ ಈಜೋಕಾಗಲ್ಲ ಕಣ್ರೀ" ಎಂದು ಸಾಹೇಬರು ನಮ್ಮೆಲ್ಲರ ಹತ್ತಿರ ದೂರು ಹೇಳಿದ್ದುಂಟು. ಆಮೇಲೆ ಆಕೆ ತೀರಿಕೊಂಡರು. ಸಾಹೇಬರು ಈಗ ಮನಸಾರೆ ಈಜಬಹುದಾಗಿತ್ತು. ಮೇಲೆ ಬಾ ಅನ್ನುವವರಿಲ್ಲದಿದ್ದರೆ ಯಾವಾಗ ಮೇಲೆ ಬರಬೇಕು ಅಂತ ಮನುಷ್ಯನಿಗೆ ತಿಳಿಯುವುದೇ ಇಲ್ಲ ನೋಡಿ. ಬೆರಳೆಲ್ಲ ಸುಕ್ಕುಗಟ್ಟಿ ಹಲ್ಲು ಕಟಕಟ ಅನ್ನುವವರೆಗೆ ನೀರಲ್ಲೇ ಇರುತ್ತಿದ್ದರು. ಆಮೇಲೆ ಬಂದು, ಒಬ್ಬರೇ ತಲೆ ಒರೆಸಿಕೊಂಡು, ಒಬ್ಬರೇ ಸೀನಿ, ಒಬ್ಬರೇ ಊಟಕ್ಕೆ ಕೂರುವರು. ಅವರಿಗೆ ಬೇಕಾಗಿದ್ದದ್ದು ದೊಡ್ಡ ಐಶ್ವರ್ಯವೇನಲ್ಲ. ದಡದಲ್ಲಿ ತಮಗಾಗಿ ಕಾಯುವ ಒಂದು ಜೀವ, ಅಷ್ಟೇ.

ಇಂಥದ್ದರಲ್ಲಿ ಆ ಬೇಸಿಗೆಗೆ ಪಕ್ಕದ ಬಾಡಿಗೆ ಮನೆಗೆ ಒಬ್ಬ ದಂತವೈದ್ಯರು ಸಂಸಾರ ಸಮೇತ ಬಂದಿಳಿದರು. ಕಾರಿನ ತಲೆಯ ಮೇಲೆ ಮಗುಚಿ ಕಟ್ಟಿದ ದೋಣಿ, ಡಾಕ್ಟರ ಕೊರಳಲ್ಲಿ ದುರ್ಬೀನು, ಗದ್ದದ ಕೆಳಗೆ ದಾರ ಕಟ್ಟಿದ ಟೋಪಿ. ಕಾರಿನೊಳಗೆ ಹೆಂಡತಿ, ಪುಟ್ಟಿ ಅನ್ನುವ ಮಗಳು, ಮತ್ತು ಡಾಕ್ಟರ ಅತ್ತೆ. ಅತ್ತೆಯವರು ಮಾತಾಡುವುದು ಕಡಿಮೆ, ನೋಡುವುದು ಹೆಚ್ಚು. ಅಳಿಯಂದಿರಿಗೆ ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿಲ್ಲ.

"ಈ ಸಲ ರಜೆ ಅಂದ್ರೆ ಬರೀ ತಿಂದು ಮಲಗೋದಲ್ಲ" ಎಂದು ಡಾಕ್ಟರು ಬೀದಿಗೆಲ್ಲ ಕೇಳುವ ಹಾಗೆ ಸಾರಿದರು. "ಬೆಳಗ್ಗೆ ದೋಣಿ, ಸಂಜೆ ಪ್ರಾಣಿವೀಕ್ಷಣೆ. ಸಮುದ್ರದ ಒಂದೊಂದು ಜೀವಿಯನ್ನೂ ತೋರಿಸ್ತೀನಿ ಪುಟ್ಟಿ!"

ಒಂದು ವಾರ ತೋರಿಸಿದರು. ದೋಣಿಯಲ್ಲಿ ಹುಟ್ಟು ಹಾಕಿದರೆ ಅದು ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತುತ್ತಿತ್ತು. "ಪ್ರವಾಹ ಸರಿ ಇಲ್ಲ" ಅಂದರು ಡಾಕ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪ್ರಾಣಿವೀಕ್ಷಣೆಯಲ್ಲಿ ಅದುವರೆಗೆ ಸಿಕ್ಕಿದ್ದು ಎರಡು ಕಾಗೆ, ಒಂದು ಮುದಿ ನಾಯಿ, ಮತ್ತು ಬಹಳ ಅಪರೂಪದ್ದು ಎಂದು ಅವರು ಉಸಿರು ಬಿಗಿಹಿಡಿದು ತೋರಿಸಿದ ಒಂದು ಅಂಬಲಿಮೀನು, ಅಂದರೆ ಜೆಲ್ಲಿಫಿಶ್. ಅದನ್ನು ಪುಟ್ಟಿ ಕೋಲಿನಿಂದ ಎತ್ತಿದಾಗ ಅದರ ಮೇಲೆ ಯಾವುದೋ ಬಟ್ಟೆ ಅಂಗಡಿಯ ಹೆಸರು ಅಚ್ಚಾಗಿತ್ತು.

"ಊರಲ್ಲೇ ಇದ್ದಿದ್ರೆ ಇಷ್ಟು ಪ್ಲಾಸ್ಟಿಕ್ಕು ಅಲ್ಲೇ ನೋಡಬಹುದಿತ್ತು" ಅಂದರು ಹೆಂಡತಿ. ಅತ್ತೆಯವರು ಅಳಿಯನ ಕಡೆ ತಿರುಗಿದರು. ಬರೀ ನೋಡಿದರು.

ಡಾಕ್ಟರ ಮಾನ ಹೀಗೆ ನೂಲಿನಲ್ಲಿ ನೇತಾಡುತ್ತಿದ್ದಾಗ, ಒಂದು ಸಂಜೆ, ಹೊಳೆಯುವ ನೀರಿನ ನಡುವಿನಿಂದ ಕಪ್ಪಗೆ ದುಂಡಗೆ ನುಣ್ಣಗೆ ಒಂದು ತಲೆ ಮೇಲೆದ್ದಿತು. ಅದರ ಮೂತಿಯ ಎರಡೂ ಬದಿಗೆ ಮೀಸೆ ಒದ್ದೆಯಾಗಿ ಜೋತುಬಿದ್ದಿತ್ತು. ಅದು "ಫೂ...!" ಎಂದು ನೀರುಗುಳಿ ಮತ್ತೆ ಮುಳುಗಿತು.

"ಸೀಲ್!" ಡಾಕ್ಟರು ಕಿರುಚಿದರು. "ಸೀಲ್ ಕಣೇ! ಸರ್ಕಸ್ಸಲ್ಲಿ ಮೂಗಿನ ಮೇಲೆ ಚೆಂಡು ಕುಣಿಸತ್ತಲ್ಲ, ಅದು! ಕಡಲಲ್ಲೇ ಬಂದಿದೆ!"

ದುರ್ಬೀನು ಕೈಯಿಂದ ಕೈಗೆ ಹಾರಿತು. "ಗಂಡು. ವಯಸ್ಸಾಗಿದೆ. ಮೇಲಿನ ಎಡಗಡೆ ಕೋರೆಹಲ್ಲಿಲ್ಲ" ಎಂದು ಡಾಕ್ಟರು ಕ್ಷಣದಲ್ಲಿ ರೋಗಪತ್ತೆಯನ್ನೂ ಮುಗಿಸಿದರು. ಪುಟ್ಟಿ ಚಪ್ಪಾಳೆ ತಟ್ಟಿ ಅದಕ್ಕೆ ಅಲ್ಲೇ ನಾಮಕರಣ ಮಾಡಿದಳು: ಮೀಸೆರಾಯ.

ಅತ್ತೆಯವರು ದುರ್ಬೀನು ಮುಟ್ಟಲಿಲ್ಲ. ಕೈ ಹಣೆಗಿಟ್ಟು ಬಹಳ ಹೊತ್ತು ನೋಡಿ, "ಥೇಟ್ ನಮ್ಮನೆಯವರ ಹಾಗೇ ಇದೆ" ಅಂದರು. ತೀರಿಹೋದ ಮಾವನವರನ್ನು ಸೀಲಿಗೆ ಹೋಲಿಸಿದ್ದಕ್ಕೆ ಅಳಿಯ ನಗಬೇಕೋ ಬಾರದೋ ತಿಳಿಯದೆ ಕೆಮ್ಮಿದರು.

ಇತ್ತ ನೀರಿನಲ್ಲಿದ್ದ ಸಾಹೇಬರಿಗೆ ಕನ್ನಡಕವಿಲ್ಲದೆ ದಡವೆಲ್ಲ ಕಲಸಿದ ಬಣ್ಣ. ಆ ಬಣ್ಣದಲ್ಲಿ ಕೈಗಳು ಬೀಸುತ್ತಿದ್ದವು, ಯಾರೋ ಖುಷಿಯಿಂದ ಕೂಗುತ್ತಿದ್ದರು. 'ಪಕ್ಕದ ಮನೆಯವರು! ನನಗೆ ಕೈ ಬೀಸ್ತಿದ್ದಾರೆ!' ಅಂದುಕೊಂಡರು. ಎಷ್ಟೋ ಕಾಲದ ಮೇಲೆ ಮೋಟುಗೋಡೆಯ ಮೇಲೆ ತಮಗಾಗಿ ಯಾರೋ ಇದ್ದರು. ಎದೆ ತುಂಬಿ ಬಂತು. ಇನ್ನೆರಡು ಸಲ ಮುಳುಗಿ ಎದ್ದರು.

ಸಭ್ಯರಲ್ಲವೇ, ಬಂಡೆಯ ಮರೆಯಲ್ಲಿ ಬಟ್ಟೆ ಹಾಕಿ, ಮೀಸೆ ಬಾಚಿ, ಟೋಪಿ ಇಟ್ಟು, ಕೃತಜ್ಞತೆ ಹೇಳಲು ನೇರ ಅವರ ಗೇಟಿಗೆ ಹೋದರು.

"ನಮಸ್ಕಾರ. ಈಗ ನೀವೆಲ್ಲ ಕೈ ಬೀಸಿದ್ರಲ್ಲ, ಅದಕ್ಕೆ..."

"ಅಯ್ಯೋ ಸಾರ್!" ಡಾಕ್ಟರು ಅವರ ಕೈ ಹಿಡಿದು ಎಳೆದೇ ಬಿಟ್ಟರು. "ಒಂದು ಗಳಿಗೆ ಮುಂಚೆ ಬರಬಾರದಾ? ತಪ್ಪಿಸ್ಕೊಂಡ್ರಲ್ಲ! ಸೀಲ್ ಬಂದಿತ್ತು ಸಾರ್, ಸೀಲ್!"

"ಸೀಲಾ? ಎಲ್ಲಿ?" ಸಾಹೇಬರು ಗಾಬರಿಯಾದರು. ತಾವಿದ್ದ ನೀರಿನಲ್ಲೇ ಅಂಥದ್ದೊಂದು ಪ್ರಾಣಿ!

"ಅಲ್ಲೇ ಅಂಕಲ್, ಕಪ್ಪುಬಂಡೆ ಹತ್ರ!" ಪುಟ್ಟಿ ಕುಣಿಯುತ್ತ ಹೇಳಿದಳು. "ಬೊಕ್ಕ ತಲೆ! ಇಷ್ಟುದ್ದ ಮೀಸೆ! ಫೂ ಅನ್ನತ್ತೆ! ನನಗಂತೂ ಅದರಷ್ಟು ಇಷ್ಟ ಯಾರೂ ಇಲ್ಲ."

ಸಾಹೇಬರ ಕೈ ತಾನಾಗಿ ಟೋಪಿಯ ಮೇಲೆ ಹೋಯಿತು. ಅವರು ದಡ್ಡರೇನಲ್ಲ, ಸ್ವಲ್ಪ ನಿಧಾನ. ಆದರೆ ಅರ್ಥವಾಗಿ ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರ ಹೆಂಡತಿ ಒಂದು ಲೋಟ ಬಿಸಿ ಚಹಾ ಕೈಗಿಟ್ಟರು. "ಪಾಪ, ಒಬ್ಬರೇ ಇರ್ತೀರಂತೆ. ದಿನಾ ಸಂಜೆ ಬನ್ನಿ, ಕುರ್ಚಿ ಹಾಕಿರ್ತೀವಿ. ಜೊತೆಗೆ ಕೂತು ನೋಡೋಣ."

ಸ್ವಾಮಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಚಹಾ ಬಿಸಿಯಿತ್ತು. ಕುರ್ಚಿಯ ಮಾತು ಬಂದಿತ್ತು. 'ಆ ಸೀಲ್ ನಾನೇ' ಅಂದರೆ ಡಾಕ್ಟರ ಮಾನ ಹೋಗುತ್ತದೆ, ಮಗುವಿನ ಮುಖ ಬಾಡುತ್ತದೆ, ಕುರ್ಚಿಯೂ ಹೋಗುತ್ತದೆ. ಸಾಹೇಬರು ಚಹಾ ಕುಡಿದರು.

ಮಾರನೆಯ ಸಂಜೆ ಕುರ್ಚಿಯಲ್ಲಿ ಕೂತರು. ಎಲ್ಲರೂ ಕಡಲು ನೋಡಿದರು. ಸೀಲ್ ಬರಲಿಲ್ಲ. ಹೇಗೆ ಬಂದೀತು, ಅದು ಕುರ್ಚಿಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿತ್ತು. ಪುಟ್ಟಿಯ ಮುಖ ಸಪ್ಪಗಾಯಿತು. ಅದನ್ನು ನೋಡಲಾರದೆ ಅದರ ಮಾರನೆಯ ದಿನ ಸಾಹೇಬರು ನೀರಿಗಿಳಿದರು. ದಡದಲ್ಲಿ ಹೋ ಅನ್ನುವ ಸಂಭ್ರಮ. ಒರೆಸಿಕೊಂಡು ಓಡಿ ಬಂದರೆ ಅದೇ ಹಾಡು: "ಅಯ್ಯೋ ಸಾರ್, ಮತ್ತೆ ತಪ್ಪಿಸ್ಕೊಂಡ್ರಿ!"

ಇದೇ ಗೋಳಾಯಿತು. ದಡದಲ್ಲಿದ್ದರೆ ಜೊತೆ ಉಂಟು, ಸಂಭ್ರಮವಿಲ್ಲ. ನೀರಲ್ಲಿದ್ದರೆ ಸಂಭ್ರಮ ಉಂಟು, ಜೊತೆಯಿಲ್ಲ. ಅವರಿಗಾಗಿಯೇ ಇಟ್ಟ ಕುರ್ಚಿಯೂ ಅವರಿಗಾಗಿಯೇ ಬೀಸುವ ಕೈಗಳೂ ಒಂದೇ ಹೊತ್ತಿಗೆ ಸಿಗುವ ಹಾಗಿರಲಿಲ್ಲ. "ಆ ಮನುಷ್ಯನ ನಸೀಬೇ ಸರಿ ಇಲ್ಲ" ಎಂದು ಡಾಕ್ಟರು ಮರುಗಿದರು. ಅತ್ತೆಯವರು ಮಾತ್ರ ಸಾಹೇಬರ ಒದ್ದೆ ಕಾಲರನ್ನು ನೋಡುತ್ತ ಅವರ ಚಹಾಕ್ಕೆ ಒಂದು ಚೂರು ಶುಂಠಿ ಜಜ್ಜಿ ಹಾಕಿದರು.

ಸುದ್ದಿಗೆ ಕಾಲು ಬರಲು ಎಷ್ಟು ಹೊತ್ತು? ಬೀದಿಗೆ ಬೀದಿಯೇ ಮೋಟುಗೋಡೆಗೆ ಬಂತು. ನಾನೂ ಹೋಗಿದ್ದೆ, ಸುಳ್ಳೇಕೆ ಹೇಳಲಿ. ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತಿದ್ದೇನೆ. ನೋಡದ್ದನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದೇನೆ. ಬೇಕರಿಯವನು ಬನ್ನಿಗೆ ಎರಡು ಮೀಸೆ ಅಂಟಿಸಿ ಮಾರಿದ. ಪುಟ್ಟಿಯ ಒತ್ತಾಯಕ್ಕೆ ಡಾಕ್ಟರು ನೀರಿಗೆ ಮೀನು ಎಸೆದರು. ಡಾಕ್ಟರ ಗುರಿ ಎಂದೂ ಸರಿ ಇರಲಿಲ್ಲ, ಅವತ್ತು ಮಾತ್ರ ಸರಿಯಾಗಿ ಸಾಹೇಬರ ನೆತ್ತಿಗೆ ಬಿತ್ತು. ಯಾರೋ ತಮಗೆ ಊಟ ಕೊಟ್ಟರಲ್ಲ ಎಂದು ಅವರು ಅದನ್ನು ಮನೆಗೇ ತೆಗೆದುಕೊಂಡು ಹೋದರು.

ಆಮೇಲೆ ವನ್ಯಜೀವಿ ಇಲಾಖೆಯ ಅಧಿಕಾರಿ ಜೀಪಿನಲ್ಲಿ ಬಂದರು. ಕುರ್ಚಿಗಳ ಮುಂದೆ ನಿಂತು, ಗಂಟಲು ಸರಿಪಡಿಸಿಕೊಂಡು ವಿವರಿಸಿದರು.

"ನೋಡಿ, ಈ ಕಡೆ ಸೀಲ್ ಬರೋದೇ ಇಲ್ಲ. ಬಂದಿದೆ ಅಂದ್ರೆ ದಾರಿ ತಪ್ಪಿದೆ. ಮುದಿ ಗಂಡು. ಜೊತೆಗಾತಿ ಸತ್ತಿರಬೇಕು. ಅದಕ್ಕೇ ಒಂದೇ ಜಾಗದಲ್ಲಿ ಸುತ್ತತ್ತೆ. ಹೀಗೆ ಒಂಟಿಯಾದ ಪ್ರಾಣಿ ತಿನ್ನೋದು ಕಡಿಮೆ ಮಾಡತ್ತೆ, ಮಂಕಾಗತ್ತೆ. ಹೆಚ್ಚು ದಿನ ಬಾಳಲ್ಲ."

"ಅಯ್ಯೋ ಪಾಪ!" ಅಂದಿತು ಇಡೀ ಬೀದಿ. ಡಾಕ್ಟರ ಹೆಂಡತಿ ಕಣ್ಣೊರೆಸಿಕೊಂಡರು. ಬೇಕರಿಯವನು ಮೂಗೆಳೆದ. "ಮೂಕ ಪ್ರಾಣಿ, ಯಾರ ಹತ್ರ ಹೇಳ್ಕೊಳ್ಳತ್ತೆ!" ಎಂದು ಯಾರೋ ಬಿಕ್ಕಿದರು. ಎಲ್ಲರ ಕಣ್ಣೂ ಕಡಲಿನ ಮೇಲೆ. ಮಧ್ಯದ ಕುರ್ಚಿಯಲ್ಲಿ ಟೋಪಿ ಹಾಕಿಕೊಂಡು ಕೂತಿದ್ದ ಸಾಹೇಬರ ಕಡೆ ಒಬ್ಬರೂ ತಿರುಗಲಿಲ್ಲ.

ಅಧಿಕಾರಿ ತಾವಾಗಿಯೇ ಅವರತ್ತ ಬಂದರು. "ನೀವು ಹಳಬರಂತೆ. ಪ್ರಾಣಿ ನೋಡಿದ್ದೀರಾ?"

"ಹತ್ತಿರದಿಂದ... ಕನ್ನಡಿಯಲ್ಲಿ..." ಎಂದು ಸಾಹೇಬರು ತೊದಲಿದರು.

"ಅವರಿಗೆ ಕಾಣಿಸೇ ಇಲ್ಲ ಬಿಡಿ ಸಾರ್" ಎಂದು ಡಾಕ್ಟರು ಅಡ್ಡ ಬಂದರು. "ಪಾಪ, ಕನ್ನಡಕದ ತೊಂದರೆ."

"ಏನು ತಿನ್ನತ್ತೋ ಗೊತ್ತಾದ್ರೆ ಅನುಕೂಲ" ಅಂದರು ಅಧಿಕಾರಿ.

"ಬೆಳಗ್ಗೆ ಬ್ರೆಡ್ಡು" ಅಂದರು ಸಾಹೇಬರು. ಅಧಿಕಾರಿ ಅವರನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಬೇರೆ ಕಡೆ ನಡೆದರು.

ಅವತ್ತೇ ಕೆಂಪು ಬಾವುಟ ನೆಟ್ಟರು. ಪ್ರಾಣಿಯ ಹಿತಕ್ಕಾಗಿ ದೋಣಿ ಬಂದ್, ಈಜು ಬಂದ್. ಡಾಕ್ಟರ ದೋಣಿ ಅಂಗಳದಲ್ಲಿ ಮಗುಚಿ ಬಿತ್ತು. ಇದರಿಂದ ಅವರಿಗೆ ಒಳಗೊಳಗೇ ನೆಮ್ಮದಿಯೇ ಆಯಿತು. ಆದರೆ ಸಾಹೇಬರು ಕಾನೂನಿಗೆ ಹೆದರುವ ಜೀವ. ಅವರು ಈಜು ನಿಲ್ಲಿಸಿದರು. ಹೀಗೆ ಮೀಸೆರಾಯನ ರಕ್ಷಣೆಗೆ ಸರ್ಕಾರ ಟೊಂಕ ಕಟ್ಟಿದ ದಿನದಿಂದ ಮೀಸೆರಾಯ ಕಾಣಿಸಲಿಲ್ಲ.

ಮೊದಲು ಬೇಕರಿಯವನು ಬರುವುದು ಬಿಟ್ಟ. ಆಮೇಲೆ ಬೀದಿಯವರು. ಕುರ್ಚಿಗಳು ಒಂದೊಂದೇ ಒಳಗೆ ಹೋದವು. ಕೊನೆಗೆ ಮೋಟುಗೋಡೆಯ ಮೇಲೆ ಉಳಿದದ್ದು ಪುಟ್ಟಿ, ಅವಳ ಅಜ್ಜಿ, ಮತ್ತು ಸಾಹೇಬರು. ಅದೇ ಆ ಬೇಸಿಗೆಯ ಅತ್ಯಂತ ಒಳ್ಳೆಯ ದಿನಗಳು ಎಂದು ಸಾಹೇಬರಿಗೆ ಅನ್ನಿಸುತ್ತಿತ್ತು, ಪಕ್ಕದಲ್ಲಿ ಮಗು ಅಳದೆ ಇದ್ದಿದ್ದರೆ.

"ಸತ್ತೋಯ್ತಾ ಅಂಕಲ್?"

"ಛೆ ಛೆ, ಇಲ್ಲಮ್ಮ. ಇಲ್ಲೇ ಎಲ್ಲೋ ಹತ್ತಿರ ಇದೆ."

"ನಿಮಗೆ ಹೇಗೆ ಗೊತ್ತು? ನೀವು ನೋಡೇ ಇಲ್ಲ!"

ಅಜ್ಜಿ ದೂರ ನೋಡುತ್ತ, "ಹತ್ತಿರ ಇರೋದೇ ಕಾಣಲ್ಲ ಪುಟ್ಟಿ" ಅಂದರು.

ಅಧಿಕಾರಿ ಮತ್ತೆ ಬಂದು ಹೊಸ ತೀರ್ಮಾನ ಹೇಳಿದರು. ಪ್ರಾಣಿ ಬಳಲಿದೆ, ಇನ್ನೊಮ್ಮೆ ಕಂಡರೆ ಬಲೆ ಹಾಕಿ ಹಿಡಿದು, ದೂರದ ದ್ವೀಪದಲ್ಲಿ ಅದರ ಕುಲದವರ ಜೊತೆ ಬಿಡುವುದು. "ಒಂಟಿಯಾಗಿರೋದಕ್ಕಿಂತ ತನ್ನವರ ಜೊತೆ ಇರಲಿ" ಅಂದರು. ತಮ್ಮ ವಿಷಯದಲ್ಲಿ ಆ ದ್ವೀಪ ಎಲ್ಲಿರಬಹುದು ಎಂದು ಸಾಹೇಬರು ಮನೆಗೆ ಹೋಗಿ ಬಹಳ ಯೋಚಿಸಿದರು. ಹೊಳೆಯಲಿಲ್ಲ.

ರಜೆ ಮುಗಿಯಿತು. ಹೊರಡುವ ಹಿಂದಿನ ಸಂಜೆ ಪುಟ್ಟಿ ಊಟ ಬೇಡ ಎಂದು ಗೋಡೆಯ ಮೇಲೆ ಮುದುಡಿ ಕೂತಳು. ಸಾಹೇಬರು ಎದ್ದರು. "ಸ್ವಲ್ಪ ಕೆಲಸ ಇದೆ" ಎಂದು ಬಂಡೆಗಳತ್ತ ನಡೆದರು. ಬಾವುಟ ಕೆಂಪಾಗಿಯೇ ಇತ್ತು, ಬಂಡೆಯ ಆಚೆ ಬಲೆ ಹಿಡಿದ ಇಲಾಖೆಯ ದೋಣಿಯೂ ಇತ್ತು. ಕನ್ನಡಕ ಬಿಚ್ಚಿದ ಮೇಲೆ ಅವರಿಗೆ ಎರಡೂ ಕಾಣಲಿಲ್ಲ.

"ಬಂತು! ಮೀಸೆರಾಯ ಬಂತು!" ಪುಟ್ಟಿಯ ಕೂಗಿಗೆ ಬೀದಿಯೇ ಎದ್ದು ಓಡಿ ಬಂತು. ಸಾಹೇಬರು ಖುಷಿಯಲ್ಲಿ ಮೂರು ಸಲ ಫೂ ಅಂದರು. ನಾಲ್ಕನೆಯ ಸಲ ಅನ್ನುವಷ್ಟರಲ್ಲಿ ಮೇಲಿಂದ ಬಲೆ ಬಿತ್ತು.

ಗುಡ್ಡ ಅಗೆದು ಇಲಿ ಹಿಡಿದರು ಅನ್ನುತ್ತಾರೆ. ಇವರು ಕಡಲು ಜಾಲಾಡಿ ಲಿಫ್ಟ್ ಸಾಹೇಬರನ್ನು ಹಿಡಿದರು. ಪಟ್ಟೆ ಚಡ್ಡಿಯಲ್ಲಿ, ಬಲೆ ಸಮೇತ ಮರಳಿನ ಮೇಲೆ ಉರುಳಿಸಿದರು. ನಿಜ ಬಯಲಾಯಿತು ಅಂದುಕೊಂಡಿರಾ? ನಾವು ಅಷ್ಟು ಸುಲಭಕ್ಕೆ ನಿಜ ಒಪ್ಪುವ ಜನವಲ್ಲ.

"ಏನ್ರೀ ಇದು!" ಅಧಿಕಾರಿ ಗುಡುಗಿದರು. "ನಿಷೇಧ ಇರೋ ಕಡೆ ಈಜ್ತೀರಾ? ಕೈಗೆ ಬಂದ ಪ್ರಾಣಿನ ಓಡಿಸಿಬಿಟ್ರಲ್ಲ!"

"ಓಡಿಸಿಲ್ಲ" ಅಂದರು ಸಾಹೇಬರು ನಡುಗುತ್ತ. "ಆ ಪ್ರಾಣಿ... ನಾನೇ. ಮೊದಲಿಂದಲೂ ನಾನೇ."

ಜನ ಮುಖ ಮುಖ ನೋಡಿಕೊಂಡರು. ಬೇಕರಿಯವನು ಹಣೆಯ ಪಕ್ಕ ಬೆರಳು ತಿರುಗಿಸಿದ. ಡಾಕ್ಟರು ತಮ್ಮ ಜೀವಮಾನದ ಏಕೈಕ ಸೀಲನ್ನು ಕಳೆದುಕೊಳ್ಳಲು ಸುತರಾಂ ತಯಾರಿರಲಿಲ್ಲ. "ಒಬ್ಬರೇ ಇದ್ದೂ ಇದ್ದೂ ಹೀಗಾಗಿದೆ" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದರು, ಎಲ್ಲರಿಗೂ ಕೇಳುವ ಹಾಗೆ. "ನಾನು ಹಲ್ಲು ನೋಡಿದ್ದೀನಿ ಕಣೇ. ನನಗೆ ಗೊತ್ತಿಲ್ವಾ?"

ಪುಟ್ಟಿ ಸಾಹೇಬರ ಮುಂದೆ ಬಂದು ನಿಂತಳು. "ನೀವು ಕೆಟ್ಟವರು. ಮೀಸೆರಾಯ ನಿಮಗೆ ಹೆದರಿ ಓಡಿಹೋಯ್ತು" ಎಂದು ಅಳುತ್ತ ಓಡಿದಳು. ಅಧಿಕಾರಿ ಬೈದು ಬಿಟ್ಟುಬಿಟ್ಟರು. ಜನ ಚದುರಿದರು. ಸಾಹೇಬರ ಮೇಲೆ ಯಾರೋ ಒಂದು ಟವೆಲ್ ಹೊದಿಸಿದ ಹಾಗಾಯಿತು. ತಿರುಗಿದಾಗ ಡಾಕ್ಟರ ಅತ್ತೆ ಆಗಲೇ ಮೆಲ್ಲಗೆ ಮನೆಯ ಕಡೆ ಹೋಗುತ್ತಿದ್ದರು.

ಬೆಳಗಾಯಿತು. ಬಾವುಟಗಳನ್ನು ಕಿತ್ತರು, ಪ್ರಾಣಿಯೇ ಇಲ್ಲದ ಮೇಲೆ ಬಾವುಟವೇಕೆ. ಪಕ್ಕದ ಅಂಗಳದಲ್ಲಿ ದೋಣಿಯನ್ನು ಕಾರಿನ ತಲೆಗೆ ಕಟ್ಟುವ ಸದ್ದು, ಡಿಕ್ಕಿ ಮುಚ್ಚುವ ಸದ್ದು. ಮನೆಯೊಳಗೆ ಕೂತು ಆ ಸದ್ದು ಕೇಳಲಾರದೆ ಸಾಹೇಬರು ಹಿಂಬಾಗಿಲಿಂದ ಹೋಗಿ ನೀರಿಗಿಳಿದರು. ಎಂದೂ ಹೋಗದಷ್ಟು ದೂರ ಹೋದರು. ಹೊತ್ತಾಯಿತು ಅನ್ನಲು ಯಾರೂ ಇರಲಿಲ್ಲವಲ್ಲ.

ಕಾರು ಹತ್ತುವ ಮುಂಚೆ ಪುಟ್ಟಿ ಹಟ ಹಿಡಿದು ಕೊನೆಯ ಸಲ ಗೋಡೆ ಹತ್ತಿದಳು. ದೂರದಲ್ಲಿ ಕಪ್ಪಗೆ, ದುಂಡಗೆ ಒಂದು ತಲೆ.

"ಅಪ್ಪಾ! ಹೋಗಿಲ್ಲ! ವಾಪಸ್ ಬಂದಿದೆ!"

ಎಲ್ಲರೂ ಓಡಿ ಬಂದರು. ಡಾಕ್ಟರು ದುರ್ಬೀನಿಗೆ ತಡಕಾಡಿದರು. ಅದು ಡಿಕ್ಕಿಯ ತಳ ಸೇರಿತ್ತು. ದೂರದ ಕೂಗು ಕೇಳಿ ಸಾಹೇಬರು ತಿರುಗಿದರು. ಈಗಲೇ ದಡಕ್ಕೆ ಈಜಿ ಹೋಗಿ ಮಗುವಿನ ಮುಂದೆ ನಿಲ್ಲಬಹುದಿತ್ತು. ನಿಂತರೆ ಮತ್ತೆ ಕೆಟ್ಟ ಅಂಕಲ್. ಅವರು ದೊಡ್ಡದಾಗಿ ಉಸಿರೆಳೆದು, ಮುಳುಗಿ, ಎದ್ದು, ಕಡಲಿಗೆಲ್ಲ ಕೇಳುವ ಹಾಗೆ "ಫೂ...!" ಅಂದರು.

ಪುಟ್ಟಿ ನಕ್ಕ ನಗು ನಮ್ಮ ಮನೆಯವರೆಗೂ ಕೇಳಿಸಿತು. ತಟ್ಟನೆ ಗೋಡೆಯಿಂದ ಹಾರಿ ಸಾಹೇಬರ ಮನೆಗೆ ಓಡಿ ದಬದಬ ಬಾಗಿಲು ಬಡಿದಳು. "ಅಂಕಲ್! ಬೇಗ ಬನ್ನಿ! ಮೀಸೆರಾಯ ಬಂದಿದೆ! ನಿಮ್ಮ ಮೇಲೆ ಅದಕ್ಕೆ ಕೋಪ ಇಲ್ವಂತೆ!"

ಬಾಗಿಲು ತೆರೆಯಲಿಲ್ಲ.

"ಛೆ, ಪಾಪ. ಇವತ್ತೂ ತಪ್ಪಿಸ್ಕೊಂಡ್ರು" ಅಂದರು ಡಾಕ್ಟರು. "ಹೊತ್ತಾಯ್ತು, ನಡೀರಿ."

ಎಲ್ಲರೂ ಹತ್ತಿದರು. ಅತ್ತೆಯವರು ಮಾತ್ರ ಕಾರಿನ ಬಾಗಿಲು ಹಿಡಿದು ನಿಂತೇ ಇದ್ದರು. ಆಮೇಲೆ ಸೆರಗು ಬಿಗಿದು, ಮೋಟುಗೋಡೆಯವರೆಗೆ ನಡೆದು, ಎರಡೂ ಕೈ ಬಾಯಿಯ ಅಕ್ಕಪಕ್ಕ ಹಿಡಿದು, ಬೇಸಿಗೆಯಿಡೀ ಉಳಿಸಿಟ್ಟ ದನಿಯನ್ನೆಲ್ಲ ಸೇರಿಸಿ ಕೂಗಿದರು:

"ಸಾಕು, ಮೇಲೆ ಬನ್ನಿ! ನೆಗಡಿ ಆಗತ್ತೆ!"

"ಏನತ್ತೆ ಇದು!" ಕಾರಿನೊಳಗಿಂದ ಡಾಕ್ಟರು ನಕ್ಕರು. "ಸೀಲಿಗೆಲ್ಲಾದ್ರೂ ನೆಗಡಿ ಆಗತ್ತಾ?"

"ವಯಸ್ಸಾದ ಮೇಲೆ ಯಾರಿಗಾದ್ರೂ ಆಗತ್ತೆ" ಎಂದು ಅತ್ತೆಯವರು ಬಂದು ಕಾರು ಹತ್ತಿದರು.

ನೀರಿನಲ್ಲಿದ್ದ ಸಾಹೇಬರಿಗೆ ದಡ ಕಾಣಲಿಲ್ಲ, ಕೂಗು ಕೇಳಿಸಿತು. "ಬಂದೆ, ಬಂದೆ" ಎಂದು ಹಳೆಯ ಅಭ್ಯಾಸದಂತೆ ಗೊಣಗುತ್ತ ದಡದ ಕಡೆ ಕೈ ಬೀಸಿದರು. ಅವರು ಬಂದು ಮುಟ್ಟುವಷ್ಟರಲ್ಲಿ ಕಾರು ಹೋಗಿಯಾಗಿತ್ತು, ಮೋಟುಗೋಡೆಯ ಮೇಲೆ ಯಾರೂ ಇರಲಿಲ್ಲ. ಸಾಹೇಬರು ಅಲ್ಲೇ ಕೂತು, ಕೈ ಮುಂದೆ ಹಿಡಿದು ನೋಡಿಕೊಂಡರು. ಬೆರಳು ಇನ್ನೂ ಸುಕ್ಕುಗಟ್ಟಿರಲಿಲ್ಲ.